ಟರ್ಬೊ ಇಂಜಿನ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ (1.8 ಟರ್ಬೊ, 20 ವಾಲ್ವ್) ಇಂಜಿನ್ ತಳದಲ್ಲಿ ಟಕಟಕ ಸದ್ದು. ಬಿಸಿಯಾದ ಮೇಲೆ ಆಯಿಲ್ ದೀಪವೂ ಮಿಣುಕುತ್ತದೆ. ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ದಂಡ) ಬೇರಿಂಗ್ ಬದಲಿಸಿದರೆ ಸಾಕು ಎನ್ನುತ್ತಾರೆ ಮೆಕ್ಯಾನಿಕ್. ಸಾಕೇ?
— ಓದುಗರು, ದಾವಣಗೆರೆ

ಉತ್ತರ: ಸಾಲದು. ಬೇರಿಂಗ್ ಯಾಕೆ ಹೋಯಿತು ಎಂದು ಗೊತ್ತಾಗದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಈ ಇಂಜಿನ್‌ನಲ್ಲಿ ಮೊದಲು ಅನುಮಾನಿಸಬೇಕಾದ್ದು ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಒಳಗಿನ ಆಯಿಲ್ ಪಿಕಪ್ (ಆಯಿಲ್ ಹೀರುವ ಪೈಪ್) ಜಾಲರಿ. ಟರ್ಬೊ ಶಾಖಕ್ಕೆ ಸುಟ್ಟ ಆಯಿಲ್ ಕಪ್ಪು ಕೆಸರಾಗಿ ಅಲ್ಲಿ ಕಟ್ಟಿಕೊಳ್ಳುತ್ತದೆ. ಹೊತ್ತು ಮೀರಿ ಆಯಿಲ್ ಬದಲಿಸಿದ ಗಾಡಿಗಳಲ್ಲಿ ಇದು ಮಾಮೂಲು.

ಕ್ರ್ಯಾಂಕ್ ಹೊರತೆಗೆಯಿರಿ. ಜರ್ನಲ್ (ಬೇರಿಂಗ್ ಕೂರುವ ಅದರ ದುಂಡು ಭಾಗ) ಮೇಲೆ ಉಗುರು ಎಳೆದಾಗ ಗೀರಿಗೆ ಸಿಕ್ಕಿಬಿದ್ದರೆ ಪಾಲಿಶ್‌ನಿಂದ ಸರಿಹೋಗದು; 0.25 ಮಿ.ಮೀ. ಅಂಡರ್‌ಸೈಜ್‌ಗೆ (ಅಷ್ಟು ಸಣ್ಣ ವ್ಯಾಸಕ್ಕೆ) ಗ್ರೈಂಡ್ ಮಾಡಿಸಿ ಅದಕ್ಕೆ ಹೊಂದುವ ಬೇರಿಂಗ್ ಹಾಕಬೇಕು. ಜರ್ನಲ್, ಬೇರಿಂಗ್ ನಡುವಿನ ಗ್ಯಾಪ್‌ಗೆ ಹಳೆಯ ಲೆಕ್ಕವೊಂದಿದೆ: ಜರ್ನಲ್ ವ್ಯಾಸದ ಸಾವಿರದ ಒಂದು ಭಾಗ. ಇಲ್ಲಿ ರಾಡ್ ಜರ್ನಲ್ 47.8 ಮಿ.ಮೀ., ಆದ್ದರಿಂದ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸುವ ಇಂಜಿನ್‌ಗೆ 0.045ರಿಂದ 0.055 ಮಿ.ಮೀ. ಗ್ಯಾಪ್ ಒಳ್ಳೆಯದು. ಕಮ್ಮಿಯಾದರೆ ಆಯಿಲ್ ಪದರ ನಿಲ್ಲದು, ಹೆಚ್ಚಾದರೆ ಆಯಿಲ್ ಬದಿಯಿಂದ ಸೋರಿ ಒತ್ತಡ ಇಳಿಯುತ್ತದೆ. ಅಳೆಯುವಾಗ ಹಳೆಯ ರಾಡ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿದು ಅಳೆಯಿರಿ. ಕೊನೆಯ ಜೋಡಣೆಗೆ ಮಾತ್ರ ಹೊಸ ಬೋಲ್ಟ್. ಅವು ಬಿಗಿದಾಗ ಹಿಗ್ಗಿ ಹಿಡಿಯುವ ಬಗೆಯವು, ಒಂದೇ ಸಲದ ಬಳಕೆಗೆ.

ಆಯಿಲ್ ಕೂಲರ್ ತೊಳೆದು ಮತ್ತೆ ಹಾಕಬೇಡಿ. ಬೇರಿಂಗ್ ಪುಡಿ ಅದರ ಮಡಿಕೆಗಳಲ್ಲಿ ಕೂತಿರುತ್ತದೆ, ಹೊಸದೇ ಬೇಕು. ಪಿಕಪ್, ಟರ್ಬೊಗೆ ಹೋಗುವ ಆಯಿಲ್ ಪೈಪ್ ಕೂಡ ಬದಲಿಸಿ. ಖರ್ಚು ಉಳಿಸಲು ಹೋಗಿ ಇಲ್ಲೇ ಹೆಚ್ಚಿನವರು ಕೆಡುತ್ತಾರೆ.

ಪ್ರಶ್ನೆ: ಫೋರ್ಜ್ಡ್ (ಬಡಿದು ರೂಪಿಸಿದ) ಪಿಸ್ಟನ್ ಹಾಕಿಸಿದ ಕೆಲವೇ ದಿನಕ್ಕೆ ಒಂದರ ರಿಂಗ್ ಪಕ್ಕದ ಅಂಚು ಮುರಿಯಿತು. ಪಿಸ್ಟನ್ ನಕಲಿಯೇ?
— ಓದುಗರು, ಬೆಂಗಳೂರು

ಉತ್ತರ: ಪಿಸ್ಟನ್‌ನ ಮೇಲೆ ತಪ್ಪು ಹೊರಿಸುವ ಮೊದಲು ರಿಂಗ್ ತುದಿಗಳನ್ನು ನೋಡಿ. ಕನ್ನಡಿಯಂತೆ ಹೊಳೆಯುತ್ತಿವೆಯೇ? ಹಾಗಿದ್ದರೆ ಎರಡೂ ತುದಿ ಒಂದಕ್ಕೊಂದು ತಾಗಿವೆ. ಬೂಸ್ಟ್ ಹೆಚ್ಚಿದಷ್ಟೂ ಮೇಲಿನ ರಿಂಗ್ ಬಿಸಿಯಾಗಿ ಉದ್ದವಾಗುತ್ತದೆ. ತುದಿಗಳ ನಡುವಿನ ಗ್ಯಾಪ್ ಮುಗಿದ ಮೇಲೆ ಅದು ಬೋರ್‌ಗೆ (ಸಿಲಿಂಡರ್ ಗೋಡೆಗೆ) ಕಚ್ಚಿ, ಪಿಸ್ಟನ್‌ನ ಅಂಚನ್ನೇ ಕಿತ್ತು ತರುತ್ತದೆ. ಡಬ್ಬಿಯಿಂದ ತೆಗೆದ ರಿಂಗನ್ನು ಹಾಗೆಯೇ ಹಾಕಿದಾಗ ಆಗುವುದು ಇದೇ. ತುದಿ ಹೊಳೆಯದೆ ಅಂಚು ಮಾತ್ರ ಮುರಿದಿದ್ದರೆ ನಾಕಿಂಗ್‌ನ (ಇಂಧನ ಅಂಕೆತಪ್ಪಿ ಸಿಡಿಯುವುದರ) ಕೆಲಸ. ಮ್ಯಾಪ್ (ಇಂಜಿನ್ ಕಂಪ್ಯೂಟರ್‌ನ ಇಂಧನ, ಕಿಡಿಯ ಲೆಕ್ಕ) ಕಡೆ ಹುಡುಕಿ.

81 ಮಿ.ಮೀ. ಬೋರ್‌ಗೆ ಮೇಲಿನ ರಿಂಗ್‌ನ ಗ್ಯಾಪ್ 0.42–0.45 ಮಿ.ಮೀ., ಎರಡನೆಯದಕ್ಕೆ 0.45–0.50. ರಿಂಗನ್ನು ಬೋರ್‌ಗೆ ಇಳಿಸಿ, ಪಿಸ್ಟನ್ ತಲೆಕೆಳಗಾಗಿ ಇಟ್ಟು ಸುಮಾರು 25 ಮಿ.ಮೀ. ತಳ್ಳಿ ನೇರ ಮಾಡಿ ಫೀಲರ್ ಗೇಜ್‌ನಿಂದ ಅಳೆಯಿರಿ. ಒಂದು ತುದಿಯನ್ನು ಮಾತ್ರ ಉಜ್ಜಿ. ಪ್ರತಿ ರಿಂಗನ್ನೂ ಅದು ಕೂರುವ ಬೋರ್‌ನಲ್ಲೇ ಅಳೆಯಬೇಕು. ಹೋನಿಂಗ್ (ಬೋರ್ ಒಳಮೈ ಉಜ್ಜುವುದು) ಮಾಡಿಸುವಾಗ ಟಾರ್ಕ್ ಪ್ಲೇಟ್ (ಹೆಡ್ ಬದಲು ಬಿಗಿಯುವ ದಪ್ಪ ತಟ್ಟೆ) ಬಿಗಿದಿರಲಿ, ಇಲ್ಲವಾದರೆ ಹೆಡ್ ಬಿಗಿದ ಮೇಲೆ ಬೋರ್ ಅಂಡಾಕಾರವಾಗುತ್ತದೆ. 2618 ಅಲ್ಯೂಮಿನಿಯಂ ಮಿಶ್ರಲೋಹದ ಪಿಸ್ಟನ್‌ಗೆ ಗೋಡೆಯಿಂದ 0.07–0.09 ಮಿ.ಮೀ. ಬಿಡುವು ಬೇಕಾದೀತು (ತಯಾರಕರ ಚೀಟಿಯೇ ಅಂತಿಮ). ಬೆಳಿಗ್ಗೆ ತಣ್ಣಗಿರುವಾಗ ಕೊಂಚ ಸದ್ದು ಬಂದರೆ ಗಾಬರಿ ಬೇಡ.

ಪ್ರಶ್ನೆ: ಇದೇ 1.8 ಟರ್ಬೊ ಇಂಜಿನ್ ಬಿಚ್ಚದೆ ರೀಮ್ಯಾಪ್ ಮಾಡಿಸಿದರೆ ಎಷ್ಟು ಟಾರ್ಕ್ ತಡೆದೀತು?
— ಓದುಗರು, ಮೈಸೂರು

ಉತ್ತರ: 300 ನ್ಯೂಟನ್ ಮೀಟರ್ ಒಳಗಿದ್ದರೆ ನೆಮ್ಮದಿ. 350 ದಾಟಿದರೆ ಮೂಲ ಕನೆಕ್ಟಿಂಗ್ ರಾಡ್ ಬಾಗುವ ಭಯ ನಿಜವಾದದ್ದು. ರಾಡ್ ಬಾಗಿಸುವುದು ಹೆಚ್ಚಾಗಿ 2500–3000 ಆರ್‌ಪಿಎಂನಲ್ಲಿ ಒಮ್ಮೆಲೇ ನುಗ್ಗುವ ಟಾರ್ಕ್. 3500ರ ತನಕ ಬೂಸ್ಟನ್ನು ಮೆಲ್ಲಗೆ ಏರಿಸಿ ಮ್ಯಾಪ್ ಮಾಡಿಕೊಡಿ ಎಂದು ಕೇಳಿ. ಅದಕ್ಕೂ ಮೇಲಿನ ಆರ್‌ಪಿಎಂನ ಶಕ್ತಿಗೆ ನಷ್ಟವಿಲ್ಲ. ಈಗಾಗಲೇ ಬಾಗಿದೆಯೇ ಎಂದು ತಿಳಿಯಲು ಕಂಪ್ರೆಷನ್ ಮತ್ತು ಲೀಕ್‌ಡೌನ್ (ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ಅಳೆಯುವ ಪರೀಕ್ಷೆ) ಎರಡನ್ನೂ ನೋಡಿ: ಲೀಕ್‌ಡೌನ್ ಚೆನ್ನಾಗಿದ್ದೂ ಒಂದು ಸಿಲಿಂಡರ್‌ನ ಕಂಪ್ರೆಷನ್ ಕಮ್ಮಿಯಿದ್ದರೆ ಆ ರಾಡ್ ಗಿಡ್ಡವಾಗಿರಬಹುದು.

ಪ್ರಶ್ನೆ: ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲ್‌ಗೆ ಹಳೆಯ ಮ್ಯಾಪ್ ನಡೆಯುತ್ತದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಧಾನ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ಸರಿದೂಗಿಸುತ್ತದೆ. ಪೂರ್ತಿ ಆಕ್ಸಿಲರೇಟರ್ ತುಳಿದಾಗ ಅದನ್ನು ನೆಚ್ಚಬೇಡಿ. ಒಂದು ಪಾಲು ಶುದ್ಧ ಪೆಟ್ರೋಲ್ ಉರಿಯಲು ತೂಕದಲ್ಲಿ ಗಾಳಿ 14.7 ಪಾಲು ಬೇಕು, ಇ20ಗೆ ಸುಮಾರು 13.5. ಅಂದರೆ ಇಂಧನ ಶೇ. 8–9ರಷ್ಟು ಹೆಚ್ಚು ಹೋಗಬೇಕು. ಮ್ಯಾಪ್ ಮಾಡುವವರು ಗಾಳಿ-ಇಂಧನ ಅನುಪಾತ ಬಿಟ್ಟು ಲ್ಯಾಂಬ್ಡಾದಲ್ಲೇ (ಸರಿಯಾದ ಪ್ರಮಾಣಕ್ಕೆ 1, ಇಂಧನ ಹೆಚ್ಚಿದ್ದರೆ ಅದಕ್ಕಿಂತ ಕಮ್ಮಿ) ಮಾತಾಡಲಿ: ಪೂರ್ತಿ ಬೂಸ್ಟ್‌ನಲ್ಲಿ 0.80–0.82. ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಹೊತ್ತಿನ ಪಾಲು) ಶೇ. 85 ದಾಟಿದರೆ ದೊಡ್ಡ ಇಂಜೆಕ್ಟರ್ ಹಾಕಿಸಿ. ಹಳೆಯ ರಬ್ಬರ್ ಇಂಧನ ಪೈಪ್‌ಗಳನ್ನೂ ಬದಲಿಸಿ.

ಪ್ರಶ್ನೆ: ಹೊಸ ಟರ್ಬೊ ಹಾಕಿಸಿದ್ದೇನೆ, ಸಿಗ್ನಲ್‌ನಲ್ಲಿ ನಿಂತಾಗ ನೀಲಿ ಹೊಗೆ. ಟರ್ಬೊ ವಾಪಸ್ ಕೊಡಲೇ?
— ಓದುಗರು, ಮಂಗಳೂರು

ಉತ್ತರ: ಸ್ವಲ್ಪ ತಡೆಯಿರಿ. ಟರ್ಬೊದ ಸೀಲ್ ರಬ್ಬರಿನದಲ್ಲ, ಪಿಸ್ಟನ್ ರಿಂಗ್‌ನಂಥದ್ದು. ಆಯಿಲ್ ಸರಾಗವಾಗಿ ಕೆಳಗಿಳಿದರೆ ಮಾತ್ರ ಅದು ತಡೆಯುತ್ತದೆ. ವಾಪಸು ಪೈಪ್ ಎಲ್ಲೂ ಏರದೆ ಇಳಿಜಾರಾಗಿಯೇ ಸಂಪ್ ಸೇರಬೇಕು. ಗ್ಯಾಸ್ಕೆಟ್‌ಗೆ ಸವರಿದ ಸಿಲಿಕೋನ್ ಒಳಗೆ ಉಬ್ಬಿ ದಾರಿ ಮುಚ್ಚಿದೆಯೇ ನೋಡಿ. ಆಮೇಲೆ ಬ್ರೀದರ್ ಪೈಪ್‌ನ (ಇಂಜಿನ್ ಒಳಗಿನ ಆವಿ ಹೊರಬಿಡುವ ಪೈಪ್) ಒಂದು-ದಿಕ್ಕಿನ ವಾಲ್ವ್: ಬಾಯಿಂದ ಊದಿದರೆ ಒಂದೇ ಕಡೆ ಗಾಳಿ ಹೋಗಬೇಕು. ಎರಡೂ ಕಡೆ ಹೋದರೆ ಬೂಸ್ಟ್ ನೇರ ಸಂಪ್‌ಗೆ ನುಗ್ಗುತ್ತಿದೆ. ಎಷ್ಟು ಹೊಸ ಟರ್ಬೊ ಹಾಕಿದರೂ ಹೊಗೆ ನಿಲ್ಲದು.