ವಿದ್ಯುತ್ ಕಾರಿನ ಹೊರಭಾಗಗಳು: ಅಂದಕ್ಕೋ, ಓಟಕ್ಕೋ?

ಪ್ರಶ್ನೆ: ವಿದ್ಯುತ್ ಕಾರಿಗೆ ಬೇರೆ ತಯಾರಕರ ಸ್ಪಾಯ್ಲರ್ (ಹಿಂಬದಿಯ ರೆಕ್ಕೆಯಂಥ ಭಾಗ), ಬಂಪರ್ ಹಾಗೂ ಚಕ್ರದ ಮುಚ್ಚಳಗಳನ್ನು ಹಾಕಿಸಿದರೆ, ಒಂದು ಚಾರ್ಜ್‌ಗೆ ಅದು ಹೆಚ್ಚು ದೂರ ಓಡುತ್ತದೆಯೇ?

ಉತ್ತರ: ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಇದ್ದದ್ದು 100 ಕಿ.ಮೀ. ವೇಗದಲ್ಲಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಲಾಭವೇನಿದ್ದರೂ ಮುಖ್ಯವಾಗಿ ಹೆದ್ದಾರಿಯಲ್ಲಿ. ಚಕ್ರದ ಸುತ್ತ ಗಾಳಿ ಸುಳಿಗಟ್ಟುವುದನ್ನು ತಗ್ಗಿಸುವ ಚಪ್ಪಟೆ ಮುಚ್ಚಳಗಳು ಉಪಯುಕ್ತವೇ. ಸ್ಪಾಯ್ಲರ್‌ನ ಮಾತು ಬೇರೆ: ಗಾಳಿ ಹಾಯಿಸಿ ಪರೀಕ್ಷಿಸುವ ಗಾಳಿಸುರಂಗದಲ್ಲಿ ತಿದ್ದಿ ತೀಡಿದ ಮೂಲ ಆಕಾರದ ಮೇಲೆ ಅಂದಕ್ಕೆಂದು ನಿಲ್ಲಿಸಿದ ಎತ್ತರದ ರೆಕ್ಕೆಯಿಂದ (ನೋಡಲು ಎಷ್ಟೇ ಸೊಗಸಾಗಿರಲಿ) ತಡೆ ಹೆಚ್ಚುವ ಸಂಭವವೇ ಅಧಿಕ. ಬಂಪರನ್ನಂತೂ ಬಣ್ಣ ಬಳಿಸುವ ಮೊದಲೇ ಕೂರಿಸಿ, ಸಂದುಗಳು ಎರಡೂ ಬದಿಯಲ್ಲಿ ಸಮನಾಗಿವೆಯೇ ಎಂದು ನೋಡಬೇಕು. ಬಂಪರ್ ಕಾರ್ಬನ್ ಫೈಬರಿನದಾದರೆ, ಆ ವಸ್ತು ವಿದ್ಯುದ್ವಾಹಕವಾದ್ದರಿಂದ, ಬಂಪರಿನ ಹಿಂದೆ ಅಡಗಿದ, ಸುತ್ತಲಿನ ವಾಹನಗಳನ್ನು ಗುರುತಿಸುವ ರೇಡಾರ್‌ಗೆ ಅಡ್ಡಿಯಾಗಬಹುದು.