ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಐದು ವರ್ಷ ಕೂತು ಏನು ಮಾಡ್ತಾರೆ?

ಪ್ರಶ್ನೆ: ಮಗಳು ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿದ್ದಾಳೆ. ಬೆಂಗಳೂರಿನಲ್ಲಿ ಕೆಲಸವೂ ಸಿಕ್ಕಿದೆ. ಆದರೆ ಕೆಲಸ ಬೇಡ, ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಪಿಎಚ್‌ಡಿಗೆ ಪ್ರಯತ್ನ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಅಲ್ಲಿ ಐದು ವರ್ಷ ಕೂತು ಏನು ಮಾಡ್ತಾರೆ ಸರ್? ಸಾಫ್ಟ್‌ವೇರ್ ಬರೆಯೋದೇ ಆದ್ರೆ ಕಂಪನಿಯಲ್ಲೇ ಬರೆಯಬಹುದಲ್ಲ, ಸಂಬಳವೂ ಸಿಗುತ್ತೆ.
– ಒಬ್ಬ ತಾಯಿ, ತಿಪಟೂರು

ಉತ್ತರ: ಸಾಫ್ಟ್‌ವೇರ್ ಅಲ್ಲೂ ಬರೀತಾರಮ್ಮ, ರಾತ್ರಿಯೆಲ್ಲ ಕೂತು ಬರೀತಾರೆ. ಆದರೆ ಕಂಪನಿಯಲ್ಲಿ ಗ್ರಾಹಕ ಕೇಳಿದ್ದನ್ನು ಹೇಳಿದ ತಾರೀಖಿಗೆ ಮುಗಿಸಿ ಕೊಡಬೇಕು. ಇಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹಿಡಿದು, ಅದರ ಬೆನ್ನು ಬೀಳಬೇಕು. ಬಾಯಲ್ಲಿ ಹೇಳಿದರೆ ಗಾಳಿಮಾತಿನ ಹಾಗೆ ಕೇಳಿಸುತ್ತೆ, ಅದಕ್ಕೇ ಅಲ್ಲೇ ನಡೆದ ಒಂದು ಕೆಲಸವನ್ನು ಬಿಡಿಸಿ ಹೇಳ್ತೀನಿ.

ನಿಮ್ಮ ಮಗಳು ಹೇಳುತ್ತಿರುವುದು ಬಹುಶಃ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಸಿಎಸ್‌ಎ ವಿಭಾಗದ ಬಗ್ಗೆ, ಅಂದರೆ ಕಂಪ್ಯೂಟರ್ ಸೈನ್ಸ್ ಅಂಡ್ ಆಟೋಮೇಶನ್. 1969ರಲ್ಲಿ ಸ್ಕೂಲ್ ಆಫ್ ಆಟೋಮೇಶನ್ ಅಂತ ಶುರುವಾದದ್ದು. ಅಲ್ಲಿ ಪ್ರೊ. ಜಯಂತ್ ಹರಿತ್ಸ ಅವರ ಡೇಟಾಬೇಸ್ ಲ್ಯಾಬ್ ಇದೆ. ಅವರು ಹಿಡಿದ ಪ್ರಶ್ನೆ ನಿಮ್ಮೂರಿನ ಬ್ಯಾಂಕಿಗೂ ಸಂಬಂಧಪಟ್ಟದ್ದೇ.

ಬ್ಯಾಂಕಿನ ಮ್ಯಾನೇಜರ್ ಕಂಪ್ಯೂಟರಿಗೆ ಕೇಳ್ತಾರೆ ಅಂದುಕೊಳ್ಳಿ: ತಿಪಟೂರು ತಾಲ್ಲೂಕಿನಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಬೆಳೆಸಾಲ ಇರುವ ತೆಂಗು ಬೆಳೆಗಾರರ ಪಟ್ಟಿ ಕೊಡು. ಏನು ಬೇಕು ಅಂತಷ್ಟೇ ಕೇಳಿದ್ದಾರೆ, ಹೇಗೆ ಹುಡುಕಬೇಕು ಅಂತ ಹೇಳಿಲ್ಲ. ಮೊದಲು ಸಾಲದ ಕೋಷ್ಟಕ ನೋಡೋದೋ, ಗ್ರಾಹಕರ ಕೋಷ್ಟಕ ನೋಡೋದೋ, ಜಮೀನಿನದ್ದೋ? ಅಂಥವರು ಹತ್ತೇ ಜನ ಇದ್ದರೆ ಇಂಡೆಕ್ಸ್ ಹಿಡಿದು ಒಬ್ಬೊಬ್ಬರನ್ನೇ ತೆಗೆಯೋದು ಬೇಗ. ಹತ್ತು ಸಾವಿರ ಜನ ಇದ್ದರೆ ಇಡೀ ಕೋಷ್ಟಕವನ್ನೇ ಒಂದೇ ಉಸಿರಿಗೆ ಓದಿಬಿಡೋದು ಬೇಗ. ಆದರೆ ಎಷ್ಟು ಜನ ಇದ್ದಾರೆ ಅಂತ ಎಣಿಸಿ ಮುಗಿಸುವ ಮೊದಲೇ ಗೊತ್ತಾಗೋದು ಹೇಗೆ? ಹಾಗಾಗಿ ಸಿಸ್ಟಮ್ ಒಂದು ಅಂದಾಜು ಹಾಕುತ್ತೆ, ಆ ಅಂದಾಜಿನ ಮೇಲೆ ದಾರಿ ಆರಿಸುತ್ತೆ. 1979ರಲ್ಲಿ ಐಬಿಎಂನ ಸಂಶೋಧಕರು ಹಾಕಿಕೊಟ್ಟ ದಾರಿ ಇದು, ಹೆಚ್ಚುಕಡಿಮೆ ಇವತ್ತಿಗೂ ಎಲ್ಲರೂ ನಡೆಯುತ್ತಿರುವುದು ಇದರಲ್ಲೇ. ಅಂದಾಜು ತಪ್ಪಿತೋ, ಸೆಕೆಂಡುಗಳಲ್ಲಿ ಮುಗಿಯಬೇಕಾದದ್ದು ಗಂಟೆಗಟ್ಟಲೆ ಎಳೆಯುತ್ತೆ.

ಈ ಲ್ಯಾಬಿನವರು ಮೊದಲು ಮಾಡಿದ್ದು ಸುಮ್ನೆ ನೋಡೋ ಕೆಲಸ. ಅಂಗಡಿಯಲ್ಲಿ ಸಿಗುವ ದೊಡ್ಡ ದೊಡ್ಡ ಡೇಟಾಬೇಸ್‌ಗಳನ್ನೇ ತಗೊಂಡು, ಒಂದೇ ಪ್ರಶ್ನೆಯನ್ನು ಅಂಕಿ ಬದಲಿಸಿ ಬದಲಿಸಿ ಕೇಳಿ, ಯಾವ್ಯಾವ ಅಂಕಿಗೆ ಯಾವ್ಯಾವ ದಾರಿ ಆರಿಸುತ್ತೆ ಅಂತ ಬಣ್ಣ ಹಚ್ಚಿದರು. ಒಂದು ದಾರಿಗೆ ಒಂದು ಬಣ್ಣ. ನೇರವಾದ ನಾಲ್ಕಾರು ಪಟ್ಟಿ ಕಾಣಬೇಕಿತ್ತು ಅಲ್ವಾ? ಕಂಡದ್ದು ಬೇರೆಯೇ: ಹತ್ತಾರು ಬಣ್ಣ, ಅಂಕುಡೊಂಕು ಗಡಿ, ಮಧ್ಯೆ ಮಧ್ಯೆ ಪುಟ್ಟ ದ್ವೀಪಗಳು, ಥೇಟ್ ಆಧುನಿಕ ಚಿತ್ರಕಲೆ. ಅದಕ್ಕೇ ಆ ಸಾಫ್ಟ್‌ವೇರಿಗೆ ಪಿಕಾಸೋ ಅಂತಲೇ ಹೆಸರಿಟ್ಟರು. ಆ ಪೇಪರ್ 2005ರ ವಿಎಲ್‌ಡಿಬಿ ಸಮ್ಮೇಳನದಲ್ಲಿ ಬಂತು. ಕಾನೂನಿನ ತೊಡಕು ಬರಬಾರದು ಅಂತ ಅದರಲ್ಲಿ ಕಂಪನಿಗಳ ಹೆಸರು ಹಾಕದೆ ಆಪ್ಟ್-ಎ, ಆಪ್ಟ್-ಬಿ ಅಂತಷ್ಟೇ ಬರೆದರು. ಗಮನಿಸಿ, ಆ ಡೇಟಾಬೇಸ್ ಕಟ್ಟಿದ ಕಂಪನಿಗಳಲ್ಲಿ ಬುದ್ಧಿವಂತರಿಗೆ ಕೊರತೆ ಇರಲಿಲ್ಲ. ಆದರೆ ಇಡೀ ಚಿತ್ರ ಹೇಗಿದೆ ಅಂತ ನಿಂತು ನೋಡೋದಕ್ಕೆ ಒಂದು ವಿದ್ಯಾಸಂಸ್ಥೆಯ ಪುರುಸೊತ್ತು ಬೇಕಾಯಿತು. ನನಗೆ ಈ ಕೆಲಸದಲ್ಲಿ ತುಂಬಾ ಹಿಡಿಸಿದ್ದು ಇದೇ.

ಆಮೇಲೆ ಇನ್ನೊಂದು ಕಂಡುಕೊಂಡರು. ಉತ್ತರ ಹುಡುಕೋ ಖರ್ಚು, ಅಂದರೆ ಹೊತ್ತು, 20%ರಷ್ಟು ಜಾಸ್ತಿಯಾದರೂ ಪರವಾಗಿಲ್ಲ ಅಂತ ಒಪ್ಪಿಕೊಂಡರೆ ಸಾಕು, ಅಷ್ಟೊಂದು ಬಣ್ಣಗಳು ಹತ್ತರ ಆಸುಪಾಸಿಗೆ ಇಳಿಯುತ್ತವೆ!

ಕೊನೆಗೆ 2014ರಲ್ಲಿ, ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಜೊತೆ ಬಂದದ್ದು ಪ್ಲಾನ್ ಬೊಕೆ ಅನ್ನೋ ಪೇಪರ್. ಅಂದಾಜು ಪದೇ ಪದೇ ಕೈಕೊಡುತ್ತೆ ಅಂದಮೇಲೆ ಅಂದಾಜು ಹಾಕೋದನ್ನೇ ಬಿಟ್ಟರೆ ಹೇಗೆ? 1 ನಿಮಿಷದ ಬಜೆಟ್ ಇಟ್ಟು ಅದಕ್ಕೆ ಹೊಂದುವ ದಾರಿಯಲ್ಲಿ ಓಡಿಸಿ. ಮುಗಿಯಲಿಲ್ಲವಾ, ನಿಲ್ಲಿಸಿ, 2 ನಿಮಿಷದ ದಾರಿ ಹಿಡಿಯಿರಿ. ಆಮೇಲೆ 4, 8, 16. ನಿಜವಾಗಿ ಬೇಕಾದದ್ದು 8 ನಿಮಿಷಕ್ಕಿಂತ ಒಂಚೂರು ಜಾಸ್ತಿ ಇದ್ದರೆ ನಿಮ್ಮ ದುರದೃಷ್ಟ, 16ರವರೆಗೆ ಹೋಗಬೇಕಾಗುತ್ತೆ. ಆಗಲೂ ಒಟ್ಟು 1+2+4+8+16, ಅಂದರೆ 31. ಎಂಟರ ನಾಲ್ಕು ಪಟ್ಟು 32, ಅದರೊಳಗೇ ಇದೆ. ಎಲ್ಲವನ್ನೂ ಮೊದಲೇ ಬಲ್ಲವನು ತಗೊಳ್ಳುವ ಹೊತ್ತಿನ ನಾಲ್ಕು ಪಟ್ಟಿಗಿಂತ ಜಾಸ್ತಿ ಯಾವತ್ತೂ ಆಗೋದಿಲ್ಲ. ಇದು ಖಾತ್ರಿ, ಗಣಿತದಲ್ಲಿ ಸಾಧಿಸಿ ತೋರಿಸಿದ್ದು. ಅಂದಾಜು ಸಿಗದ ಅಂಶ (ಎಷ್ಟು ಜನ ಇದ್ದಾರೆ ಅನ್ನೋ ಥರದ್ದು) ಒಂದೇ ಇದ್ದಾಗ ಈ ಲೆಕ್ಕ. ಒಂದಕ್ಕಿಂತ ಜಾಸ್ತಿ ಇದ್ದರೆ ಕಷ್ಟ ಏರುತ್ತೆ. 2016ರಲ್ಲಿ ಅದೇ ಲ್ಯಾಬಿನ ಮುಂದಿನ ಕೆಲಸದಲ್ಲಿ ಅಂಥ ಎರಡು ಅಂಶಕ್ಕೆ 10 ಪಟ್ಟು, ಮೂರಕ್ಕೆ 18 ಪಟ್ಟು ಅಂತ ಮಿತಿ ಹಾಕಿದರು.

ಇದರಿಂದ ನಾಳೆ ಬೆಳಗ್ಗೆಯೇ ನಿಮ್ಮ ಬ್ಯಾಂಕ್ ಬೇಗ ಕೆಲಸ ಮಾಡುತ್ತಾ? ಇಲ್ಲ. ಆದರೆ "ಇಷ್ಟಕ್ಕಿಂತ ಕೆಟ್ಟದಾಗಿ ಹೋಗಲು ಸಾಧ್ಯವೇ ಇಲ್ಲ" ಅಂತ ಎದೆ ತಟ್ಟಿ ಹೇಳುವ ಮಾತು ಮೊದಲು ಇರಲಿಲ್ಲ, ಈಗ ಇದೆ. ಐದು ವರ್ಷ ಕೂತು ಮಾಡೋದು ಇಂಥದ್ದನ್ನು.

ದುಡ್ಡಿನ ಮಾತಿಗೆ ಬರ್ತೀನಿ. ಪಿಎಚ್‌ಡಿ ಮಾಡುವವರಿಗೆ ತಿಂಗಳಿಗೆ ಫೆಲೋಶಿಪ್ ಬರುತ್ತೆ. 2023ರ ಜನವರಿಯಿಂದ ಕೇಂದ್ರ ಸರ್ಕಾರದ ದರ ಮೊದಲ ಎರಡು ವರ್ಷ 37,000 ರೂಪಾಯಿ, ಆಮೇಲೆ 42,000. ಕಂಪನಿ ಸಂಬಳಕ್ಕೆ ಇದು ಸಮ ಅಲ್ಲ, ಆದರೆ ಹಾಸ್ಟೆಲ್‌ನಲ್ಲಿದ್ದರೆ ಮನೆಯಿಂದ ದುಡ್ಡು ಕಳಿಸಬೇಕಾಗಿಲ್ಲ. ಬಿ.ಇ. ಆದವರು ಗೇಟ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಐದು ವರ್ಷ ಅಂದರೆ ಭಯವಾದರೆ ಸಂಶೋಧನೆಯ ಎಂ.ಟೆಕ್ ಅಂತ ಚಿಕ್ಕ ದಾರಿಯೂ ಅಲ್ಲೇ ಇದೆ. ಮುಗಿಸಿದವರು ಪಾಠ ಹೇಳಲು ಹೋಗ್ತಾರೆ, ಬೆಂಗಳೂರಿನಲ್ಲೇ ಇರುವ ಮೈಕ್ರೋಸಾಫ್ಟ್, ಗೂಗಲ್, ಐಬಿಎಂನ ಸಂಶೋಧನಾ ಲ್ಯಾಬ್‌ಗಳಿಗೂ ಹೋಗ್ತಾರೆ.

ಆದರೂ ಅವಳನ್ನು ಒಂದು ಮಾತು ಕೇಳಿ: ಯಾವ ಪ್ರೊಫೆಸರ್ ಹತ್ತಿರ, ಯಾವ ವಿಷಯದಲ್ಲಿ ಮಾಡ್ತೀಯ? ಇದಕ್ಕೆ ಕಣ್ಣರಳಿಸಿ ಅರ್ಧ ಗಂಟೆ ಮಾತಾಡಿದಳೋ, ಕಳಿಸಿಬಿಡಿ. "ಟಾಟಾ ಇನ್‌ಸ್ಟಿಟ್ಯೂಟ್ ಹೆಸರು ದೊಡ್ಡದು" ಅಂತಷ್ಟೇ ಅಂದರೆ, ಒಂದು ವರ್ಷ ಕೆಲಸ ಮಾಡಿ ನೋಡು ಅನ್ನಿ. ಬರೀ ಹೆಸರಿನ ಆಸೆಗೆ ಹೋದವರಿಗೆ ಮೂರನೇ ವರ್ಷ, ಏನೂ ಹೊಳೆಯದೆ ಕೂತಾಗ, ತುಂಬಾ ಕಷ್ಟವಾಗುತ್ತೆ.

ಪ್ರಶ್ನೆ: ಸರ್, ನಾನು ಆರನೇ ಸೆಮಿಸ್ಟರ್. ನಮ್ಮ ಕಾಲೇಜಲ್ಲಿ ಒಂದು ಒಳ್ಳೆ ಜಿಪಿಯು (ದೊಡ್ಡ ಲೆಕ್ಕಗಳನ್ನು ಬೇಗ ಮಾಡೋ ಚಿಪ್) ಕೂಡ ಇಲ್ಲ. ಸೀನಿಯರ್‌ಗಳು ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರ್ತಾರೆ. ಇಂಥ ಕಡೆಯಿಂದ ಸಂಶೋಧನೆ ಸಾಧ್ಯನಾ?
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಜಿಪಿಯು ಪಕ್ಕಕ್ಕಿಡಪ್ಪ. ಪೆನ್ನು, ಹಾಳೆ ತಗೋ. ಮೇಲಿನ ಸಾಲಿನ ಅಕ್ಕಪಕ್ಕದ ಎರಡೆರಡು ಸಂಖ್ಯೆ ಕೂಡಿಸಿ ಕೆಳಗಿನ ಸಾಲು ಬರೆಯೋ ಪ್ಯಾಸ್ಕಲ್ ತ್ರಿಕೋನದ 5ನೇ ಸಾಲು ಬರಿ: 1, 5, 10, 10, 5, 1. ಎರಡು ತುದಿ ಬಿಟ್ಟು ಉಳಿದದ್ದೆಲ್ಲ 5ರಿಂದ ಭಾಗವಾಗುತ್ತೆ. 7ನೇ ಸಾಲು: 7, 21, 35, 35, 21, 7. ಎಲ್ಲ 7ರಿಂದ ಭಾಗವಾಗುತ್ತೆ. ಈಗ 4ನೇ ಸಾಲು: 4, 6, 4. ಆ 6 ನಾಲ್ಕರಿಂದ ಭಾಗವಾಗೋದಿಲ್ಲ. ಅವಿಭಾಜ್ಯ ಸಂಖ್ಯೆಯಾದರೆ ಮಾತ್ರ ಇಡೀ ಸಾಲು ಪಾಸಾಗುತ್ತೆ. ಪಿಯುಸಿ ಗಣಿತ ಇದು.

ತೊಂದರೆ ಎಲ್ಲಿ ಅಂದ್ರೆ, ನೂರು ಅಂಕಿಯ ಸಂಖ್ಯೆಗೆ ಆ ಸಾಲು ಬರೆದು ಮುಗಿಸೋಕೆ ಭೂಮಿಯ ಮೇಲಿನ ಕಂಪ್ಯೂಟರೆಲ್ಲ ಸೇರಿದರೂ ಆಗೋದಿಲ್ಲ. ಇಡೀ ಸಾಲು ಬರೆಯದೆ, ಅದನ್ನು ಚಿಕ್ಕದಾಗಿ ಮಡಿಚಿ ಪರೀಕ್ಷೆ ಮಾಡಬಹುದಾ, ಮಡಿಚಿದಾಗ ಮೋಸ ಹೋಗೋದಿಲ್ಲ ಅಂತ ಸಾಧಿಸಬಹುದಾ? ಐಐಟಿ ಕಾನ್ಪುರದಲ್ಲಿ ಮಣೀಂದ್ರ ಅಗ್ರವಾಲ್ ಈ ಹಾದಿ ಹಿಡಿದದ್ದು 1999ರ ಹೊತ್ತಿಗೆ, ಸೋಮನಾಥ್ ಬಿಸ್ವಾಸ್ ಜೊತೆ. 2001ರಲ್ಲಿ ಇಬ್ಬರು ಬಿ.ಟೆಕ್ ಹುಡುಗರು ತಮ್ಮ ಪ್ರಾಜೆಕ್ಟಾಗಿ ಅದನ್ನೇ ಮುಂದಕ್ಕೆ ತಳ್ಳಿದರು. ಮರುವರ್ಷ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದೇ ಪ್ರಶ್ನೆಯನ್ನು ತಮ್ಮ ಬಿ.ಟೆಕ್ ಪ್ರಾಜೆಕ್ಟಾಗಿ ತಗೊಂಡರು. 2002ರ ಆಗಸ್ಟ್‌ನಲ್ಲಿ ಮೂವರೂ ಸೇರಿ ಒಂಬತ್ತು ಪುಟದ ಪೇಪರ್ ಹೊರಗೆ ಬಿಟ್ಟರು. ಒಂದು ಸಂಖ್ಯೆ ಅವಿಭಾಜ್ಯವೇ ಅಂತ ಅದೃಷ್ಟದ ಹಂಗಿಲ್ಲದೆ, ಬೇಗ, ಖಚಿತವಾಗಿ ಹೇಳುವ ವಿಧಾನ ಅದು. ಇಡೀ ಜಗತ್ತು ಎದ್ದು ಕೂತಿತು. 2006ರಲ್ಲಿ ಕಂಪ್ಯೂಟರ್ ಸೈನ್ಸ್ ಥಿಯರಿಗೆ ಕೊಡುವ ಗೋಡೆಲ್ ಬಹುಮಾನ ಬಂತು. ನೀರಜ್ ಕಯಾಲ್ ಆಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ಗೆ ಬಂದರು.

ಇದನ್ನು ಯಾಕೆ ಹೇಳಿದೆ ಅಂದ್ರೆ, ಪೇಪರಿನ ಮೇಲೆ ಮೂರು ಹೆಸರಿದೆ, ಆದರೆ ಅದರ ಹಿಂದೆ ಒಂದು ಬ್ಯಾಚಿನಿಂದ ಇನ್ನೊಂದು ಬ್ಯಾಚಿಗೆ ದಾಟಿದ ಪ್ರಾಜೆಕ್ಟ್ ಇದೆ. ನಿಮ್ಮಲ್ಲಿ ದುಡ್ಡು ಕೊಟ್ಟು ತರ್ತಾರಲ್ಲ, ಅದೇ ಪ್ರಾಜೆಕ್ಟ್. ಅದನ್ನು ದಯವಿಟ್ಟು ಕೊಳ್ಳಬೇಡ. ಚಿಕ್ಕದಾದರೂ ನಿನ್ನದೇ ಒಂದು ಪ್ರಶ್ನೆ ಹಿಡಿ, ಕೆಲಸ ಅರ್ಧಕ್ಕೇ ನಿಂತರೂ ಏನು ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಬರೆದಿಡು, ನಿನ್ನ ಜೂನಿಯರ್‌ಗೆ ಕೊಡು. ಐಐಎಸ್‌ಸಿ ಸಂದರ್ಶನಕ್ಕೆ ಹೋದರೆ ಬೋರ್ಡ್ ಮುಂದೆ ನಿಲ್ಲಿಸಿ ಆಲ್ಗಾರಿದಮ್, ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ ಕೇಳ್ತಾರೆ. ಕೊಂಡು ತಂದ ಪ್ರಾಜೆಕ್ಟ್ ಅಲ್ಲಿ ಎರಡು ನಿಮಿಷಕ್ಕೆ ಬಯಲಾಗುತ್ತೆ.

ಪ್ರಶ್ನೆ: ಎಂ.ಟೆಕ್ ಮಾಡುತ್ತಿದ್ದೇನೆ. ಒಂದು ಜರ್ನಲ್‌ನಿಂದ ಮೇಲ್ ಬಂದಿದೆ, ದುಡ್ಡು ಕಟ್ಟಿದರೆ ವಾರದೊಳಗೆ ಪೇಪರ್ ಹಾಕ್ತಾರಂತೆ. ಕಟ್ಟಲಾ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಡಮ್ಮ. ವಾರದೊಳಗೆ ಯಾರೂ ನಿನ್ನ ಪೇಪರ್ ಸರಿಯಾಗಿ ಓದಿರೋದಿಲ್ಲ. ನಮ್ಮ ವಿಷಯದಲ್ಲಿ ಒಳ್ಳೆ ಕೆಲಸ ಜರ್ನಲ್‌ಗಿಂತ ಜಾಸ್ತಿ ಸಮ್ಮೇಳನಗಳಿಗೆ ಹೋಗುತ್ತೆ. ಡೇಟಾಬೇಸ್‌ಗೆ ವಿಎಲ್‌ಡಿಬಿ, ಸಿಗ್‌ಮಾಡ್, ಥಿಯರಿಗೆ ಸ್ಟಾಕ್, ಫಾಕ್ಸ್, ಮಶಿನ್ ಲರ್ನಿಂಗ್‌ಗೆ ನ್ಯೂರಿಪ್ಸ್. ಅಲ್ಲಿ ವಿಷಯ ಬಲ್ಲವರು ಓದಿ, ತಪ್ಪು ಹುಡುಕಿ, ತಿಂಗಳುಗಳ ನಂತರ ಉತ್ತರ ಕೊಡ್ತಾರೆ. ತಿರಸ್ಕಾರವಾದರೂ ಅವರ ಷರಾ ಕೈಗೆ ಸಿಗುತ್ತೆ, ಅದರ ಬೆಲೆ ಜಾಸ್ತಿ. ನಿನಗೆ ಹಿಡಿಸಿದ ಪ್ರೊಫೆಸರ್ ಹೆಸರನ್ನು ಡಿಬಿಎಲ್‌ಪಿ ಅನ್ನೋ ವೆಬ್‌ಸೈಟಿನಲ್ಲಿ ಹಾಕಿ ನೋಡು, ಪುಕ್ಕಟೆ. ಅವರ ಪೇಪರ್‌ಗಳೆಲ್ಲ ಎಲ್ಲೆಲ್ಲಿ ಬಂದಿವೆ ಅಂತ ವರ್ಷದ ಪ್ರಕಾರ ತೋರಿಸುತ್ತೆ. ನಿನಗೆ ಮೇಲ್ ಕಳಿಸಿದ ಆ ಜರ್ನಲ್ ಹೆಸರು ಆ ಪಟ್ಟಿಯಲ್ಲಿ ಇದೆಯಾ ಅಂತ ಹುಡುಕು.