52 ಪ್ರಜೆಗಳಿರುವ ಮೈಕ್ರೋನೇಷನ್ನಿನಲ್ಲಿ ಪ್ರಾಂತಗಳ ಗಡಿಯನ್ನು ಸಮನಾಗಿ ಹೇಗೆ ಬದಲಿಸಬೇಕು?

ನಾಲ್ಕು ಪ್ರಾಂತಗಳಲ್ಲಿ 27, 12, 8, 5 ಮಂದಿ ಇದ್ದಾರೆ ಅಂತ ನೀವು ಕೊಟ್ಟ ಲೆಕ್ಕ ಓದಿದ ಕೂಡಲೇ ನನಗೆ ನಮ್ಮ ಮೈಕ್ರೋನೇಷನ್ನಿನ, ಅಂದರೆ ನಾವೇ ಸಾರಿಕೊಂಡ, ಯಾವ ಸರ್ಕಾರವೂ ಒಪ್ಪದ ಪುಟ್ಟ ದೇಶದ, 21, 9, 7, 4 ಕಣ್ಣಮುಂದೆ ಬಂತು. ನಾಲ್ಕೂ ಪ್ರಾಂತಕ್ಕೆ ತಲಾ 13 ಮಂದಿ ಬರುವ ಹಾಗೆ ಗೆರೆ ಎಲ್ಲಿ ಎಳೆಯಲಿ ಅಂತ ಕೇಳಿದ್ದೀರಿ. ಎಳೀಬೇಡ್ರಿ. ನಾನು ಎಳೆದೆ, ಆರು ತಿಂಗಳೊಳಗೆ ದೇಶವೇ ಇಲ್ಲದಂತಾಯಿತು.

ನಾವು ಶುರು ಮಾಡಿದ್ದು 2012ರಲ್ಲಿ, ಧಾರವಾಡದ ಒಂದು ಹಾಸ್ಟೆಲ್ ರೂಮಿನಲ್ಲಿ. 1979ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಒಬ್ಬ ಹುಡುಗ ತಾನು ಮಲಗುವ ಕೋಣೆಯನ್ನೇ ರಾಜ್ಯವೆಂದು ಸಾರಿ, ಆಮೇಲೆ ಅದಕ್ಕೊಂದು ಭಾಷೆಯನ್ನೂ ಕಟ್ಟಿದ ಟಲೋಸಾದ ಬಗ್ಗೆ ಓದಿದ್ದೆವು. ಅಲ್ಲಿ ಪ್ರಜೆಗಳು ಎಲ್ಲೆಲ್ಲೋ ಇದ್ದಾರೆ. ಯಾರು ಎಲ್ಲಿ ವಾಸವಾಗಿದ್ದಾರೋ ಅದನ್ನು ನೋಡಿ ಪ್ರಾಂತ ಕೊಡುತ್ತಾರೆ. ನಾವೂ ಹಾಗೇ ಮಾಡಿದೆವು, ಹೊಳೆಗಳ ಹೆಸರಿಟ್ಟು. ಹುಬ್ಬಳ್ಳಿ-ಧಾರವಾಡದವರು ಶಾಲ್ಮಲಾ, ಹಾವೇರಿ ಕಡೆಯವರು ವರದಾ, ಮುಂಡರಗಿ-ಶಿರಹಟ್ಟಿಯವರು ತುಂಗಭದ್ರಾ, ನರಗುಂದ-ರೋಣದವರು ಮಲಪ್ರಭಾ. ಸಭೆಯಲ್ಲಿ ಪ್ರತಿ ಪ್ರಾಂತಕ್ಕೆ ಎರಡು ಸ್ಥಾನ.

ವರ್ಷದೊಳಗೆ ತಕರಾರು ಬಂತು. ಮಲಪ್ರಭಾದ ನಾಲ್ಕು ಮಂದಿಗೂ ಎರಡು ಸ್ಥಾನ, ಶಾಲ್ಮಲಾದ 21 ಮಂದಿಗೂ ಎರಡೇ. ಅನ್ಯಾಯ ಅಂದರು, ಖರೇನೂ ಇತ್ತು. ಗೃಹ ಖಾತೆ ನನ್ನ ಕೈಯಲ್ಲಿತ್ತು. ಒಂದು ರಾತ್ರಿ ಕೂತು, ಎಕ್ಸೆಲ್ ಶೀಟಿನಲ್ಲಿ ಎಲ್ಲರ ಊರು ಹಾಕಿ, ನಕಾಶೆಯ ಮೇಲೆ ಗೆರೆ ಹೊಂದಿಸಿದೆ. 10, 10, 10, 11. ಎಷ್ಟು ಚೊಕ್ಕ ಬಂತೆಂದರೆ ಬೆಳಗಾಗುವುದನ್ನೂ ಕಾಯಲಿಲ್ಲ, ಫೇಸ್‌ಬುಕ್ ಗುಂಪಿನಲ್ಲಿ ರಾತ್ರಿಯೇ ಆದೇಶ ಹಾಕಿಬಿಟ್ಟೆ. ಹನ್ನೊಂದು ಮಂದಿಯ ಪ್ರಾಂತ ಬದಲಾಗಿತ್ತು.

ತಪ್ಪಾದದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಕೂತಿದೆ. ನಾನು ಗೆರೆ ಸರಿಸಿದೆ ಅಂದುಕೊಂಡಿದ್ದೆ. ಸರಿಸಿದ್ದು ಮನುಷ್ಯರನ್ನು. ನಿಜವಾದ ಜಿಲ್ಲೆಯ ಗಡಿ ಬದಲಾದರೆ ನೆಲ ಇದ್ದಲ್ಲೇ ಇರುತ್ತದೆ, ಮನೆ, ಹೊಲ, ನೆರೆಮನೆ ಎಲ್ಲ ಇದ್ದಲ್ಲೇ. ಮೇಲಾಗಿ ಏನೋ ಒಂದು ಸಿಗುತ್ತದೆ. ನಮ್ಮದು ಬ್ಯಾಡಗಿ. ಜಿಲ್ಲಾ ಕಚೇರಿಯ ಒಂದು ಸಹಿಗೆ ಅಪ್ಪ ಧಾರವಾಡಕ್ಕೆ ಹೋದರೆ ಇಡೀ ದಿನ ಹೋಗುತ್ತಿತ್ತು. 1997ರಲ್ಲಿ ಧಾರವಾಡ ಒಡೆದು ಗದಗ, ಹಾವೇರಿ ಬೇರೆ ಜಿಲ್ಲೆಗಳಾದ ಮೇಲೆ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದ. ನಮ್ಮ ದೇಶಕ್ಕೆ ಅಂಗೈಯಷ್ಟು ನೆಲವೂ ಇರಲಿಲ್ಲ, ಕಚೇರಿಯೂ ಇರಲಿಲ್ಲ. ಒಬ್ಬ ಪ್ರಜೆಗೆ ಪ್ರಾಂತ ಅಂದರೆ ಅವನ ಜೊತೆ ಮಾತಾಡುವ ಹತ್ತಿಪ್ಪತ್ತು ಮಂದಿ, ಅವರು ಕೂಡಿ ಬರೆದ ಹಾಳೆ, ಕೂಡಿ ಮಾಡಿದ ಬಾವುಟ. ಗೆರೆ ಸರಿದರೆ ಇದಿಷ್ಟೂ ಹೋಗುತ್ತದೆ, ಅದರ ಬದಲಿಗೆ ಕೈಗೆ ಏನೂ ಬರುವುದಿಲ್ಲ.

ಶಾಲ್ಮಲಾದ ಬಾವುಟ ಮಾಡಿದ್ದವನು ಕುಂದಗೋಳದ ಗೆಳೆಯ. ಅವನ ಅವ್ವ ಗುಳೇದಗುಡ್ಡದ ಹಸಿರು ಖಣದ ಮೇಲೆ ಬಿಳಿ ದಾರದಿಂದ ಹೊಳೆ ಹೊಲಿದಿದ್ದರು. ದಾರದ ಗೆರೆ ಎಡ ಅಂಚಿನಿಂದ ಹೊರಟು, ನಡುವೆ ಒಂದು ಗೇಣಿನಷ್ಟು ಬಟ್ಟೆಯ ಹಿಂದೆ ಮರೆಯಾಗಿ, ಬಲಕ್ಕೆ ಮತ್ತೆ ಮೇಲೆ ಬರುತ್ತಿತ್ತು. ಶಾಲ್ಮಲಾ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟಿ ಕಣ್ಣಿಗೆ ಕಾಣದ ಹಾಗೆ ಹರಿಯುತ್ತಾಳೆ ಅಂತ ಮಂದಿ ಹೇಳುತ್ತಾರಲ್ಲ, ಅದಕ್ಕೆ. ಬಾವುಟ ಹಿಂದು ಮುಂದು ಮಾಡಿದರೆ, ಈ ಕಡೆ ಮರೆಯಾದ ತುಂಡು ಆ ಕಡೆ ಕಾಣುತ್ತಿತ್ತು. ಇಂಥ ಬಾವುಟದವನನ್ನು ನಾನು, ಲೆಕ್ಕಕ್ಕೆ ಮೂರು ತಲೆ ಕಡಿಮೆ ಬಿದ್ದವೆಂದು, ತುಂಗಭದ್ರಾಕ್ಕೆ ಹಾಕಿದ್ದೆ.

ಮರುದಿನ ಅವನೇ ರೂಮಿಗೆ ಬಂದ. ಜಗಳ ಮಾಡಲಿಲ್ಲ.

"ನಮ್ಮಜ್ಜ ಜಮಖಂಡಿ ಸಂಸ್ಥಾನದಾಗ ಹುಟ್ಟಿದ. ಮುಂಬೈ ರಾಜ್ಯದಾಗ ಮುಲ್ಕಿ ಪರೀಕ್ಷಾ ಪಾಸಾದ. ಮೈಸೂರು ರಾಜ್ಯದಾಗ ಲಗ್ನಾದ. ಕರ್ನಾಟಕದಾಗ ಸತ್ತ. ಮನಿ ಮಾತ್ರ ಅದ ಮನಿ. ಒಮ್ಮಿನೂ ಅವನ್ನ ಯಾರೂ ಕೇಳಲಿಲ್ಲ. ನಾವ ಮಾಡಿದ ದೇಶದಾಗರ ಕೇಳ್ತೀರಿ ಅಂತ ತಿಳಕೊಂಡಿದ್ದೆ ದೋಸ್ತ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. 1948ರವರೆಗೆ ಕುಂದಗೋಳ ಜಮಖಂಡಿಗೆ, ಶಿರಹಟ್ಟಿ ಸಾಂಗ್ಲಿಗೆ, ಲಕ್ಷ್ಮೇಶ್ವರ ಮಿರಜಿಗೆ ಸೇರಿದ್ದವು. ಸವಣೂರಿಗೆ ತನ್ನದೇ ನವಾಬ. ಆಮೇಲೆ ಮುಂಬೈ, 1956ರಲ್ಲಿ ಮೈಸೂರು, 1973ರಲ್ಲಿ ಕರ್ನಾಟಕ. ಏಕೀಕರಣಕ್ಕಾಗಿ ನಮ್ಮ ಹಿರಿಯರು ಹೋರಾಡಿದ್ದು ನನಗೆ ಹೆಮ್ಮೆಯ ವಿಷಯವೇ. ಆದರೆ ಅವನ ಅಜ್ಜನ ಕಾಲದಲ್ಲಿ ಲಕ್ಷಗಟ್ಟಲೆ ಮಂದಿಯನ್ನು ಒಬ್ಬೊಬ್ಬರನ್ನಾಗಿ ಕೇಳುವುದು ಸಾಧ್ಯವಿರಲಿಲ್ಲ. ನಾವಿದ್ದದ್ದು 41 ಮಂದಿ. ಹನ್ನೊಂದು ಫೋನ್ ಮಾಡಿದ್ದರೆ ಮುಗಿದಿತ್ತು, ಒಂದೂ ಮಾಡಲಿಲ್ಲ.

ಅವನು ಬಿಟ್ಟ. ಅವನ ಹಿಂದೆ ಬದಲಾದವರಲ್ಲಿ ಎಂಟು ಮಂದಿ ಬಿಟ್ಟರು, ಆಮೇಲೆ ಅವರ ಗೆಳೆಯರು. ನಾನು ಆದೇಶ ವಾಪಸ್ ತೆಗೆದುಕೊಂಡೆ. ಯಾರೂ ತಿರುಗಿ ಬರಲಿಲ್ಲ.

ಎರಡು ವರ್ಷದ ನಂತರ ಪೇಪರಿನಲ್ಲಿ ಪಶ್ಚಿಮ ಬಂಗಾಳದ ಕೂಚ್ ಬಿಹಾರದ ಸುದ್ದಿ ಓದಿ ಹೊಟ್ಟೆಯಲ್ಲಿ ಏನೋ ತಿರುವಿದಂತಾಯಿತು. 2015ರ ಜುಲೈ 31ರ ಮಧ್ಯರಾತ್ರಿ ಬಾಂಗ್ಲಾದೇಶದ ಒಳಗೆ ಸಿಕ್ಕಿಕೊಂಡಿದ್ದ ಭಾರತದ 111 ತುಂಡು ನೆಲ ಆ ದೇಶಕ್ಕೆ ಹೋದವು, ನಮ್ಮೊಳಗೆ ಸಿಕ್ಕಿಕೊಂಡಿದ್ದ ಅವರ 51 ನಮಗೆ ಬಂದವು. ಅದಕ್ಕೂ ಮುಂಚೆ ಎರಡೂ ಸರ್ಕಾರದವರು ಮನೆ ಮನೆಗೆ ಹೋಗಿ, ನೀವು ಯಾವ ದೇಶದ ಪ್ರಜೆಯಾಗಿ ಇರುತ್ತೀರಿ ಅಂತ ಕೇಳಿ ಬರೆದುಕೊಂಡಿದ್ದರು. ಆ ಕಡೆಯಿಂದ ಸಾವಿರದ ಆಸುಪಾಸು ಮಂದಿ ಭಾರತವೇ ಬೇಕೆಂದರು. ಸೈನ್ಯ ಇಟ್ಟುಕೊಂಡ ಎರಡು ದೇಶಗಳು ಕೇಳಿದ್ದನ್ನು ನಾನು ಹಾಸ್ಟೆಲ್ಲಿನಲ್ಲಿ ಕೂತು ಕೇಳಲಿಲ್ಲ.

ನಿಮ್ಮ ಪ್ರಶ್ನೆಗೇ ಬರುತ್ತೇನೆ. ಪ್ರಾಂತಗಳು ಸಮ ಇರಬೇಕು ಅಂತ ನಿಮಗೆ ಹೇಳಿದವರಾರು? ಸಮ ಆಗಬೇಕಾದದ್ದು ಮತದ ತೂಕ. ಅದಕ್ಕೆ ಸ್ಥಾನ ಬದಲಿಸಿರಿ, ಜನರನ್ನಲ್ಲ. ಪ್ರತಿ ಪ್ರಾಂತಕ್ಕೆ ಒಂದು ಸ್ಥಾನ ಖಾಯಂ, ಅದರ ಮೇಲೆ ಪೂರ್ತಿ ಐದು ಮಂದಿಗೊಂದು. ನಿಮ್ಮ ಲೆಕ್ಕದಲ್ಲಿ 6, 3, 2, 2, ಒಟ್ಟು 13. ಐದು ಮಂದಿಯ ಪ್ರಾಂತಕ್ಕೆ ಆಗಲೂ ಸ್ವಲ್ಪ ಹೆಚ್ಚೇ ಸಿಗುತ್ತದೆ, ಸಿಗಲಿ. ನಮ್ಮ ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನುವುದು 1971ರ ಜನಗಣತಿಯ ಮೇಲೆ ದಶಕಗಟ್ಟಲೆ ನಿಂತಿದೆ. ಜನನ ಪ್ರಮಾಣ ಇಳಿಸಿಕೊಂಡ ರಾಜ್ಯಗಳು ಅದೇ ಕಾರಣಕ್ಕೆ ಸೀಟು ಕಳೆದುಕೊಳ್ಳಬಾರದು ಅಂತ ಬೇಕೆಂದೇ ನಿಲ್ಲಿಸಿದ್ದು. ತಲೆ ಎಣಿಕೆಗಿಂತ ಮುಖ್ಯವಾದದ್ದು ಇರುತ್ತದೆ ಅಂತ ಇಷ್ಟು ದೊಡ್ಡ ದೇಶ ಒಪ್ಪಿದೆ.

ಗಡಿ ಬದಲಿಸಲೇಬೇಕೆಂದರೆ ಹೊಸದಾಗಿ ಸೇರುವವರಿಗೆ ಮಾತ್ರ ಹೊಸ ಗೆರೆ ಇರಲಿ. ಹಳಬರು ಇದ್ದಲ್ಲೇ ಇರಲಿ. ತಾವಾಗಿ ಹೋಗುತ್ತೇವೆ ಅಂದವರಿಗೆ ಒಂದು ತಿಂಗಳು ಬಾಗಿಲು ತೆಗೆದಿಡಿರಿ. ಮತಕ್ಕೆ ಹಾಕಿ ಬಹುಮತದಿಂದ ಗೆರೆ ಎಳೆಯುತ್ತೇವೆ ಅಂತ ಮಾತ್ರ ಹೋಗಬೇಡ್ರಿ. ಗೆದ್ದವರು ಇದ್ದಲ್ಲೇ ಇರುತ್ತಾರೆ, ಹೋಗಬೇಕಾಗಿ ಬರುವುದು ಬೇರೆಯವರಿಗೆ.

ಮೊದಲು ಆ ಐದು ಮಂದಿಗೆ ಫೋನ್ ಹಚ್ಚಿರಿ. ಮೆಸೇಜ್ ಬ್ಯಾಡ. ಗುಂಪಿನಲ್ಲಂತೂ ಬ್ಯಾಡವೇ ಬ್ಯಾಡ. ಒಬ್ಬೊಬ್ಬರಿಗೇ ಬೇರೆ ಬೇರೆ ಮಾಡಿ, ನಿಮ್ಮ ಪ್ರಾಂತದಲ್ಲಿ ನೀವು ಏನೇನು ಮಾಡಿಕೊಂಡಿದ್ದೀರಿ ಅಂತ ಕೇಳಿರಿ. ಗಡಿಯ ಮಾತು ಆಮೇಲೆ ತೆಗೆಯಿರಿ.